ನೆತ್ತಿ ತಂಪಾಗಿಸಿದ ಕವಳಿ ಶರಬತ್ತು

ಮೊನ್ನೆ ಬಳ್ಳಾರಿಯ ಬಸ್ ನಿಲ್ದಾಣದ ಹೊರಗೆ ಒಬ್ಬಾಕೆ ಬುಟ್ಟಿಯಲ್ಲಿ ಕವಳಿ ಹಣ್ಣು ಇಟ್ಟುಕೊಂಡು ಕೂತಿದ್ದಳು. ಕಪ್ಪಗೆ ಹೊಳೆಯುವ ಪುಟ್ಟ ಕಾಡುಹಣ್ಣು. ರುಚಿ ನೋಡಲು ಒಂದನ್ನು ಬಾಯಿಗೆ ಹಾಕಿಕೊಂಡೆ. ಆ ಹುಳಿಗೆ ಒಂದು ಕಣ್ಣು ತಾನಾಗಿಯೇ ಮುಚ್ಚಿತು. ಎದುರಿಗಿದ್ದ ಆಟೋದವನು ಏನೆಂದುಕೊಂಡನೋ, ಸವಾರಿಯನ್ನೂ ಕಾಯದೆ ಗಾಡಿ ಶುರುಮಾಡಿ ಹೊರಟೇಹೋದ. ಐವತ್ತು ದಾಟಿದ ಹೆಂಗಸು ನಾನು. ಅವನ ಗಾಬರಿ ನ್ಯಾಯವಾದದ್ದೇ.

ನನ್ನ ತವರು ಸಿರುಗುಪ್ಪ ಕಡೆಯ ದೇಶನೂರು. ಕಾಲುವೆ, ಭತ್ತದ ಗದ್ದೆ, ಕಣ್ಣು ಹಾಯುವಷ್ಟು ದೂರ ಸಪಾಟು ನೆಲ. ಮದುವೆಯಾಗಿ ಕುರುಗೋಡಿಗೆ ಬಂದರೆ ಮನೆಯ ಹಿಂದೆಯೇ ಕಲ್ಲುಗುಡ್ಡ. ಅತ್ತೆ ಬಸಮ್ಮನವರಿಗೆ ಅದು ಹಿತ್ತಲಿದ್ದಂತೆ. ಪ್ರತಿ ಬೇಸಿಗೆಯ ಕೊನೆಗೆ ಗುಡ್ಡ ಹತ್ತಿ ಕವಳಿ ಹಣ್ಣು ತಂದು ಅವರು ಮಾಡುತ್ತಿದ್ದ ಶರಬತ್ತಿಗೆ ಪಕ್ಕದೂರು ಬಾದನಹಟ್ಟಿಯ ತನಕ ಹೆಸರಿತ್ತು.

ಮೊದಲ ವರ್ಷ ನಾನೂ ಜೊತೆಗೆ ಹೋದೆ. ಕವಳಿ ಮುಳ್ಳು ನಿಮಗೆ ಗೊತ್ತಿರಬಹುದು. ಸೆರಗು ಬಿಡಿಸಿಕೊಂಡರೆ ಜಡೆ ಹಿಡಿಯುತ್ತದೆ. ಹಣ್ಣು ಕಿತ್ತರೆ ತೊಟ್ಟಿನಿಂದ ಹಾಲು ಒಸರಿ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅತ್ತೆ ಒಂದು ಚೀಲ ತುಂಬಿಸುವಷ್ಟರಲ್ಲಿ ನನ್ನ ಮಡಿಲಲ್ಲಿ ಒಂದು ಹಿಡಿ ಹಣ್ಣಿತ್ತು.

“ಗದ್ದ್ಯಾಗ ಬೆಳೆದಾಕಿ ನೀನು. ಗಿಡ ನಿನ್ನ ಹಿಡೀತೋ, ಗಿಡಾನ ನೀ ಹಿಡಿದಿಯೋ?” ಅಂದರು.

ಆ ಮಾತು ಚುಚ್ಚಿತು. ಮರುದಿನ ಅವರು ಬಾದನಹಟ್ಟಿಗೆ ಹೋದಾಗ ಶರಬತ್ತು ನಾನೇ ಮಾಡಿಬಿಟ್ಟೆ. ಬೀಜ ತೆಗೆದು, ಬೇಯಿಸಿ, ಹಿಸುಕಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಹಾಕಿ ಕುದಿಸಿದೆ. ಎಷ್ಟು ಚೆಂದದ ಬಣ್ಣ ಬಂತೆಂದರೆ ನನ್ನ ದೃಷ್ಟಿಯೇ ತಾಗೀತೆಂದು ಭಯವಾಯಿತು. ಇನ್ನು ಬಾಟಲಿ. ಆ ಮನೆಯಲ್ಲಿ ಖಾಲಿ ಬಾಟಲಿಯನ್ನು ಯಾರೂ ಎಸೆಯುತ್ತಿರಲಿಲ್ಲ. ಅಟ್ಟದ ಮೇಲೆ ಜನ್ಮಾಂತರಕ್ಕಾಗಿ ಕಾಯುತ್ತ ಕೂತಿರುತ್ತಿದ್ದವು. ದೊಡ್ಡದೊಂದನ್ನು ಇಳಿಸಿ ಮೂರು ಸಲ ತೊಳೆದು ತುಂಬಿದೆ. ಹಿಂದಿನ ಜನ್ಮದಲ್ಲಿ ಅದು ಮಾವನವರು ತಲೆಗೆ ಹಚ್ಚುವ ತಂಪೆಣ್ಣೆಯ ಬಾಟಲಿಯಾಗಿತ್ತು.

ಆ ವಾರವೇ ನಾದಿನಿ ಶಾಂತಾಳನ್ನು ನೋಡಲು ಸಿರುಗುಪ್ಪದಿಂದ ಗಂಡಿನ ಕಡೆಯವರು ಬಂದರು. ಹಿಂದೆ ಎರಡು ಸಂಬಂಧ ಬಾಗಿಲ ತನಕ ಬಂದು ತಪ್ಪಿದ್ದವು, ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುತ್ತಿರಲಿಲ್ಲ. ಬಿಸಿಲೆಂದು ಚಹದ ಬದಲು ಶರಬತ್ತು ಕೊಟ್ಟೆವು. ಗಂಡಿನ ದೊಡ್ಡಮ್ಮ ಒಂದು ಗುಟುಕು ಕುಡಿದವರು ಲೋಟವನ್ನು ಮೂಗಿನ ಹತ್ತಿರ ತಂದು ಹಾಗೇ ಹಿಡಿದರು.

“ಏನೋ ಬ್ಯಾರೆ ವಾಸನಿ ಐತಲ್ರಿ. ಯಾರು ಮಾಡಿದ್ದು?”

ಬಾಗಿಲ ಮರೆಯಲ್ಲಿದ್ದ ನನಗೆ ಆಗ ತಂಪೆಣ್ಣೆಯ ಬಾಟಲಿ ನೆನಪಾಯಿತು. ಅತ್ತೆ ತಮ್ಮ ಲೋಟ ಎತ್ತಿ ಕುಡಿದರು. ಒಂದೇ ಕ್ಷಣ ನನ್ನ ಕಡೆ ನೋಡಿದರು.

“ನಾನ ಮಾಡಿದ್ದು,” ಅಂದರು. “ಔಷಧಿ ಬೇರು ಹಾಕೇನ್ರಿ. ನೆತ್ತಿ ತಂಪಾಗತೈತಿ.”

ಗಂಡಿನ ತಂದೆಯ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಅವರು ಬೋಳುನೆತ್ತಿಯನ್ನು ಸವರಿಕೊಂಡು ಗಂಭೀರವಾಗಿ ಹೇಳಿದರು: “ಖರೇನ ತಂಪಾತ್ರಿ. ಇನ್ನೊಂದು ಲೋಟ ಕೊಡ್ರಿ.”

ಸಂಬಂಧ ಕುದುರಿತು. ಅವರು ಹೋದ ಮೇಲೆ ನಾನು ಒಲೆಯ ಹತ್ತಿರ ಹೋಗಿ ಕೇಳಿದೆ: “ಅತ್ತೀ, ನೀವು ಮಾಡಿದ್ದಂತ ಯಾಕ ಹೇಳಿದ್ರಿ?”

“ಗದ್ದ್ಯಾಗ ಬೆಳೆದ ದೇಶನೂರು ಸೊಸಿ ಮಾಡ್ಯಾಳ ಅಂದಿದ್ರ ಅವ್ರು ಇನ್ನೊಂದು ಲೋಟ ಕೇಳ್ತಿದ್ರೇನು?” ಅಂದವರು, ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ಮನೆಯಲ್ಲಿ ನಾನು ಧೈರ್ಯವಾಗಿ ನಕ್ಕದ್ದೂ ಆವತ್ತೇ ಮೊದಲು.

ಈಗ ಅತ್ತೆ ಬಳ್ಳಾರಿಯಲ್ಲಿ ನಮ್ಮ ಜೊತೆಗಿದ್ದಾರೆ. ಮಂಡಿನೋವು, ಕೈಯಲ್ಲಿ ಕೋಲು. ಬುಟ್ಟಿಯಾಕೆಯ ಹಣ್ಣು ತಂದುಕೊಟ್ಟರೆ ಒಂದನ್ನು ಕಚ್ಚಿ, “ಇದು ನಮ್ಮ ಗುಡ್ಡದ್ದಲ್ಲ,” ಎಂದು ಪಕ್ಕಕ್ಕಿಟ್ಟರು. ನನ್ನ ಮನಸ್ಸು ಕರಗಿತು. ಪಾಪ, ಗುಡ್ಡವನ್ನಾದರೂ ನೋಡಲಿ ಎಂದು ಭಾನುವಾರ ಕುರುಗೋಡಿಗೆ ಕರೆದುಕೊಂಡು ಹೋದೆ. ಬುಡದ ಬಂಡೆಯ ನೆರಳಲ್ಲಿ ಕೂರಿಸಿ, ನೀರಿನ ಬಾಟಲಿ ಪಕ್ಕಕ್ಕಿಟ್ಟು, “ಅಲ್ಲಾಡಬ್ಯಾಡ್ರಿ,” ಎಂದು ಹೇಳಿ ಮೇಲೆ ಹತ್ತಿದೆ.

ಎರಡು ತಾಸು ಏದುಸಿರು ಬಿಟ್ಟು, ಮೊಣಕೈ ಗೀರಿಸಿಕೊಂಡು, ಚೀಲದ ತಳ ಮುಚ್ಚುವಷ್ಟು ಹಣ್ಣು ಕಿತ್ತು ಹೆಮ್ಮೆಯಿಂದ ಇಳಿದು ಬಂದೆ. ಅತ್ತೆ ಚೀಲದೊಳಗೆ ಇಣುಕಿ ನೋಡಿದರು. ನಿಧಾನವಾಗಿ ತಮ್ಮ ಸೆರಗಿನ ಗಂಟು ಬಿಚ್ಚಿದರು. ನನ್ನದಕ್ಕಿಂತ ದಪ್ಪ, ಕಪ್ಪು ಹಣ್ಣು, ನನ್ನದರ ಎರಡರಷ್ಟು.

“ಬಂಡೆ ಹಿಂದ ಗಿಡ ಇತ್ತು,” ಅಂದರು. “ನೀ ಹತ್ತಾಕ ಹೊಂಟಿದ್ದಿ. ಹತ್ತಲಿ ಅಂತ ಸುಮ್ಮನಾದೆ.”