ರಾಚಣ್ಣನ ಬಂಡೆ ಕ್ಯಾಸೆಟ್ಟು

ನಾವು ರಾಚಣ್ಣ ಅನ್ನುವ ದೊಡ್ಡಗಾಜನೂರಿನ ರಾಚಪ್ಪನಿಗೆ ಬೈಯುವುದು ಕಸುಬಲ್ಲ. ಕಸುಬು ಕೋಸು, ಬೆಳ್ಳುಳ್ಳಿ ಬೆಳೆಯುವುದು. ಎರಡು ಎಕರೆ ಹೊಲ ಕಾಡಂಚಿಗೇ ಇದೆ. ಆದರೆ ವರ್ಷಕ್ಕೊಂದು ದಿನ, ದೀಪಾವಳಿ ಕಳೆದು ಗುಮಟಾಪುರದಲ್ಲಿ ಒಬ್ಬರಿಗೊಬ್ಬರು ಎರಚಾಡುವ ಸಗಣಿ ಹಬ್ಬ ಆಗುವಾಗ, ಅವನ ಹಾಗೆ ಬೈಯುವವನು ತಾಳವಾಡಿ ಬೆಟ್ಟದ ಮೇಲೆ ಇನ್ನೊಬ್ಬ ಹುಟ್ಟಿಲ್ಲ. ಆ ಹಬ್ಬದಲ್ಲಿ ಚಾಡಿ ಹೇಳುವವನ ವೇಷ ಕಟ್ಟಿಸಿ ಮೆರೆಸಿ ಬೈಯುತ್ತಾರೆ. ಅವನಿಗೆ ನಾವು ಕೊಂಡೆಕಾರ ಅನ್ನುತ್ತೇವೆ. ಎಲ್ಲರೂ ಬಾಯಿಗೆ ಬಂದದ್ದನ್ನು ಬೈದರೆ ರಾಚಣ್ಣ ಮಾತ್ರ ಹಾಡಿನಲ್ಲಿ ಬೈಯುತ್ತಿದ್ದ. ಪಂಚಾಯ್ತಿಯವರು, ಸೊಸೈಟಿಯವರು, ತೂಕದಲ್ಲಿ ಮೋಸ ಮಾಡುವವರು, ಎಲ್ಲರೂ ಆ ಕೊಂಡೆಕಾರನ ಹೆಸರಿನಲ್ಲೇ ಬೈಸಿಕೊಂಡು ನಗುತ್ತಾ ಮನೆಗೆ ಹೋಗುತ್ತಿದ್ದರು.

ಅವನ ಗಂಟಲು ಹಂದಿ ಆನೆ ಓಡಿಸಿ ಹದಗೊಂಡದ್ದು. ತೆಳ್ಳಗೆ, ಎತ್ತರಕ್ಕೆ, ಕುಡುಗೋಲು ಮಸೆದ ಹಾಗೆ. ಬೈಗುಳ ಕಿವಿಗೆ ಬಿದ್ದು ಅರ್ಥವಾಗುವ ಹೊತ್ತಿಗೆ ಅವನು ಮುಂದಿನ ಮನೆತನಕ್ಕೆ ಹೋಗಿರುತ್ತಿದ್ದ.

ಎರಡು ಸಾವಿರದ ಒಂದರಲ್ಲಿ ಅವನು ಒಂದೇ ಒಂದು ಕ್ಯಾಸೆಟ್ ಮಾಡಿದ. ಸತ್ಯಮಂಗಲದ ಆರ್ಕೆಸ್ಟ್ರಾದಲ್ಲಿ ಕರೆಂಟ್ ಗಿಟಾರ್ ಬಾರಿಸುತ್ತಿದ್ದ ನಾಗೇಶ ಒಂದು ವರ್ಷ ಹಬ್ಬ ನೋಡಲು ಬಂದವನು, ಸಗಣಿ ಮೆತ್ತಿಕೊಂಡ ಮೈಯಲ್ಲೇ ನಿಂತು ರಾಚಣ್ಣನನ್ನು ಕೇಳಿಸಿಕೊಂಡ. ನಾಗೇಶನಿಗೆ ಇಂಗ್ಲಿಷಿನವರ ರಾಕ್ ಸಂಗೀತದ ಹುಚ್ಚು. ಇಂಥ ಗಂಟಲಿಗೆ ಡ್ರಮ್ಮು ಗಿಟಾರು ಸೇರಿಸಿದರೆ ಸತ್ಯಮಂಗಲದಿಂದ ಕೊಯಮತ್ತೂರಿನವರೆಗೆ ಗೋಡೆ ನಡುಗುತ್ತದೆ ಎಂದು ರಾಚಣ್ಣನ ತಲೆ ತುಂಬಿದ. ರಾಚಣ್ಣ ದಿಂಬಂ ಘಾಟಿಯ ಇಪ್ಪತ್ತೇಳು ತಿರುವಿನಲ್ಲಿ ಹತ್ತು ಸಲ ವಾಂತಿ ಮಾಡಿಕೊಂಡು ಇಳಿದ. ಬರಿ ಹೊಟ್ಟೆಯಲ್ಲಿ ಎಂಟು ಹಾಡು ಹಾಡಿದ. ತಾಳವಾಡಿಯ ಕಡೆಯ ಬಸ್ಸು ತಪ್ಪೀತೆಂದು, ಹಾಡಿದ್ದನ್ನು ತಿರುಗಿಸಿ ಹಾಕಿ ಕೇಳದೆಯೇ ಓಡಿ ಬಂದ.

ಅಲ್ಲೇ ಎಡವಿದ್ದು.

ಮೂಲ ಕ್ಯಾಸೆಟ್ಟನ್ನು ನಾಗೇಶ ತಾಳವಾಡಿ ಬಸ್ ಸ್ಟ್ಯಾಂಡಿನ ಹತ್ತಿರ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ ಶಿವಶಂಕರನಿಗೆ ಕೊಟ್ಟು, ಐವತ್ತು ಕಾಪಿ ಮಾಡಿಸಿ, ಮೂಲವನ್ನು ವಾಪಸ್ ಒಯ್ದ. ಊರಿಗೆ ಬಂದ ಕಾಪಿಯಲ್ಲಿ ಗಿಟಾರು ಗುಡುಗಿನ ಹಾಗೆ ಎಳೆಯುತ್ತಿತ್ತು. ರಾಚಣ್ಣನ ಗಂಟಲು ಪಾತಾಳದಿಂದ ಬರುತ್ತಿತ್ತು. ನಿಧಾನ, ದಪ್ಪ, ಗೊಗ್ಗರು. ಜನ ಎರಡು ದಿನ ನಕ್ಕರು, ಮೂರನೆಯ ದಿನ ಅದರ ಮೇಲೆ ಸಿನಿಮಾ ಹಾಡು ತುಂಬಿಸಿಕೊಂಡರು. ಅವನ ಹೆಂಡತಿ ಚಿಕ್ಕಮಾದಮ್ಮ ಅರ್ಧ ಹಾಡು ಕೇಳಿ, ಬಂಡೆ ಉರುಳಿದ ಹಾಗಿದೆ, ಇದು ಯಾರೋ ಬೇರೆಯವರು ಎಂದು ಟೇಪ್ ರೆಕಾರ್ಡರ್ ಆರಿಸಿ ಎಮ್ಮೆ ಕರೆಯಲು ಹೋದಳು.

ರಾಚಣ್ಣ ಹೆಂಡತಿಯ ಮಾತನ್ನು ನಂಬಲಿಲ್ಲ, ಮೆಷೀನನ್ನು ನಂಬಿದ. ಮೆಷೀನಿಗೆ ಸುಳ್ಳು ಹೇಳಿ ಏನಾಗಬೇಕು ಎಂಬುದು ಅವನ ಲೆಕ್ಕ. ತನ್ನ ಗಂಟಲು ನಿಜವಾಗಿ ಇರುವುದೇ ಹೀಗೆ, ಇಷ್ಟು ದಿನ ಜನ ದಾಕ್ಷಿಣ್ಯಕ್ಕೆ ಕೇಳಿದ್ದಾರೆ ಎಂದುಕೊಂಡ. ಅಂದಿನಿಂದ ನೇಗಿಲ ಹಿಂದೆ ಹಾಡುವುದನ್ನು ಬಿಟ್ಟ. ಮೈಕ್ ಕಂಡರೆ ಹಾವು ಕಂಡ ಹಾಗೆ ಸರಿಯುತ್ತಿದ್ದ. ಹಬ್ಬದ ದಿನ ಮಾತ್ರ, ಹತ್ತು ಜನರ ಗದ್ದಲದಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು, ಬರಿಗಂಟಲಲ್ಲಿ ಹಾಡುತ್ತಿದ್ದ. ಕೊರೊನಾ ವರ್ಷ ಮೂರು ವಾರ ಕೆಮ್ಮಿದ ಮೇಲೆ ಅದನ್ನೂ ನಿಲ್ಲಿಸಿದ.

ಈಗ ನಮ್ಮ ಅಭಿಮಾನಿಗಳ ವಿಷಯಕ್ಕೆ ಬರುತ್ತೇನೆ. ಕೋಸು ತುಂಬುವ ಶೆಡ್ಡಿನಲ್ಲಿ ಮಧ್ಯಾಹ್ನ ಲೋಡ್ ಆಗುವವರೆಗೆ ಕೂರುವ ನಾಲ್ಕೈದು ಜನ ಸೇರಿ ವಾಟ್ಸಾಪಿನಲ್ಲಿ ‘ರಾಚಪ್ಪ ರಸಿಕರು’ ಎಂದು ಗುಂಪು ಮಾಡಿಕೊಂಡಿದ್ದೆವು. ನಾನು ಐದನೇ ಕ್ಲಾಸಿಗೇ ಓದು ಬಿಟ್ಟವನು, ಮಿನಿ ಲಾರಿಯಲ್ಲಿ ಕೋಸನ್ನು ಮೇಟುಪಾಳ್ಯಕ್ಕೆ ಹೊಡೆಯುವವನು. ಆ ಗುಂಪಿನಿಂದ ಮೂರು ಸಲ ಸಿಟ್ಟಿನಲ್ಲಿ ಹೊರಗೆ ಹೋಗಿ ಮೂರು ಸಲ ವಾಪಸ್ ಬಂದಿದ್ದೇನೆ. ನಮ್ಮ ಮುಖಂಡ ವೃಷಭೇಂದ್ರ, ದೊಡ್ಡ ಜಮೀನಿನ ಮನೆಯವನು, ಮೈಸೂರಿನಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ಇಂಗ್ಲಿಷ್ ಹಾಡು ಕೇಳಿದವನು. ಅವನ ಹತ್ತಿರ ಆ ಐವತ್ತರಲ್ಲಿ ಒಂದು ಕಾಪಿ ಉಳಿದಿತ್ತು. ಹಬ್ಬದಲ್ಲಿ ರಾಚಣ್ಣ ಹಾಡುತ್ತಿದ್ದದ್ದೆಲ್ಲ ಪಂಕ್ ಎನ್ನುವ ಬೈಗುಳದ ಸಂಗೀತ, ಆದರೆ ಕ್ಯಾಸೆಟ್ಟಿನಲ್ಲಿ ಹಾಡಿದ್ದು ಹಾರ್ಡ್ ರಾಕ್, ಅವನ ಜೀವಮಾನದ ದೊಡ್ಡ ಕೆಲಸ ಅದೇ, ಅದಕ್ಕೆ ಬೆಲೆ ಕಟ್ಟುವ ಕಿವಿ ಈ ಬೆಟ್ಟದಲ್ಲಿ ಇಲ್ಲ, ಎಂದು ಅವನ ವಾದ.

ಎದುರು ಪಕ್ಷ ಅದೇ ಶಿವಶಂಕರ. ರೆಕಾರ್ಡಿಂಗ್ ಅಂಗಡಿ ಮುಚ್ಚಿ ಈಗ ಫ್ಲೆಕ್ಸ್ ಪ್ರಿಂಟ್ ಹಾಕುತ್ತಾನೆ. ಗಿಟಾರ್ ಕಟ್ಟಿಕೊಂಡು ರಾಚಪ್ಪ ಕೆಟ್ಟ, ಬರಿಗಂಟಲೇ ಚಿನ್ನ, ಆ ಕ್ಯಾಸೆಟ್ ಕಸ ಎಂದು ಅವನು. ಒಂದು ದಿನವೂ ಇಬ್ಬರೂ ಒಪ್ಪಲಿಲ್ಲ. ಕ್ಯಾಸೆಟ್ಟಿನಲ್ಲಿ ಕೊರಳು ಯಾಕೆ ಅಷ್ಟು ತಗ್ಗಿತು ಎಂಬುದಕ್ಕೇ ಒಂದು ತಿಂಗಳು ಹೋಯಿತು. ವೃಷಭೇಂದ್ರನ ಪ್ರಕಾರ ಅದು ರೈತನ ನೋವಿನ ಭಾರ. ಶಿವಶಂಕರನ ಪ್ರಕಾರ ಕುಡಿದಿದ್ದ. ನನ್ನ ಪ್ರಕಾರ ಅದು ಸಿಟ್ಟು, ಒಳಗೆ ನುಂಗಿದ ಸಿಟ್ಟು. ಇದನ್ನು ಹೇಳಿ ನಾನು ಒಂದು ಕೋಸನ್ನೂ ಎಸೆದಿದ್ದೇನೆ.

ಈ ವರ್ಷ ವೃಷಭೇಂದ್ರ ಹಟ ಹಿಡಿದ. ಹಬ್ಬದ ದಿನ ರಾಚಣ್ಣನಿಗೆ ಶಾಲು ಹೊದಿಸಬೇಕು, ಕ್ಯಾಸೆಟ್ಟನ್ನು ಮೈಕಿನಲ್ಲಿ ಹಾಕಬೇಕು, ಆಮೇಲೆ ರಾಚಣ್ಣ ಹಾಡಬೇಕು. ಕೇಳಲು ಎಲ್ಲರೂ ಅವನ ಹೊಲಕ್ಕೆ ಹೋದೆವು. ರಾಚಣ್ಣ ಬೆಳ್ಳುಳ್ಳಿ ಕಳೆ ಕೀಳುತ್ತಾ ಕೂತಲ್ಲಿಂದ ಏಳಲಿಲ್ಲ. ಅರವತ್ತಾರು ವರ್ಷ, ಮಾತು ಕಡಿಮೆ, ಆಡಿದರೂ ಪಿಸುಮಾತು. ಹಾರ್ಡ್ ರಾಕ್ ಅಂದರೆ ಏನು ಎಂದು ಕೇಳಿದ. ಗಟ್ಟಿ ಬಂಡೆ ಅಂತ ಅರ್ಥ ಎಂದು ವೃಷಭೇಂದ್ರ ಅಭಿಮಾನದಿಂದ ಹೇಳಿದ.

“ಅದ್ನೇ ನಮ್ಮವ್ಳೂ ಯೋಳಿದ್ಲು ಕನ ಬುದ್ದಿ” ಎಂದ ರಾಚಣ್ಣ. “ಅವ್ಳು ಕನ್ನಡದಲ್ಲಿ ಯೋಳುದ್ಲು, ಅಷ್ಟೇಯ.”

ಕ್ಯಾಸೆಟ್ ಹಾಕಿದರೆ ತಾನು ಹಬ್ಬಕ್ಕೇ ಬರುವುದಿಲ್ಲ ಎಂದ. ಎಲ್ಲರೂ ಹೋದ ಮೇಲೆ ನನ್ನನ್ನು ಮಾತ್ರ ಕೈ ಹಿಡಿದು ನಿಲ್ಲಿಸಿದ.

“ನಿಜ ಯೋಳ್ಲಾ. ಅದ್ರಲ್ಲಿ ಆಡೋನು ನಾನೇಯಾ?”

ಗೊತ್ತಿಲ್ಲದ್ದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮಾರನೆಯ ದಿನ ಲೋಡ್ ಇಳಿಸಿ ಬರುವಾಗ ಸತ್ಯಮಂಗಲದಲ್ಲಿ ನಾಗೇಶನನ್ನು ಹುಡುಕಿದೆ. ಅವನೀಗ ಶಾಮಿಯಾನ, ಸೌಂಡ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ತಲೆ ಬೋಳು. ರಾಚಪ್ಪ ಎಂದ ಕೂಡಲೆ ಕುಕ್ಕರ್ ಡಬ್ಬದೊಳಗಿನಿಂದ ಮೂಲ ಕ್ಯಾಸೆಟ್ ತೆಗೆದು, ಜೇಬಿನ ಕರವಸ್ತ್ರದಿಂದ ಒರೆಸಿ ಕೊಟ್ಟ. ಅಷ್ಟು ಒಳ್ಳೆಯ ಹಾಡು ಹಾಡಿಸಿದೆ, ನಿಮ್ಮ ಬೆಟ್ಟದವರು ಒಬ್ಬರಾದರೂ ಫೋನ್ ಮಾಡಲಿಲ್ಲ ಎಂದು ನನ್ನನ್ನೇ ಬೈದ.

ನನ್ನ ಲಾರಿ ಹಳೆಯದು, ಅದರಲ್ಲಿ ಇನ್ನೂ ಕ್ಯಾಸೆಟ್ ಓಡುತ್ತದೆ. ಘಾಟಿ ಹತ್ತುತ್ತಾ ಹಾಕಿದೆ. ಆರನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಬೇಕಾಯಿತು. ಗಿಟಾರು ಜೇನು ಎದ್ದ ಹಾಗೆ ಎದ್ದಿತ್ತು. ಅದರ ಮೇಲೆ ರಾಚಣ್ಣ, ಗುಮಟಾಪುರದ ಅದೇ ರಾಚಣ್ಣ, ಕುಡುಗೋಲು ಕೊರಳಿನವನು, ಒಂದೇ ಉಸಿರಿಗೆ ಹಾರುತ್ತಿದ್ದ:

ಊರ ಸುದ್ದಿ ಮಾರೋ ಕೊಂಡೆಕಾರ,
ನಿನ್ನ ಮನೆ ಸುದ್ದಿಗೆ ಎಷ್ಟ್ಲಾ ಯಾಪಾರ

ಮಧ್ಯಾಹ್ನ ಶೆಡ್ಡಿಗೆ ರಾಚಣ್ಣನನ್ನು ಬಲವಂತವಾಗಿ ಕರೆತಂದು, ಲಾರಿಯ ಎರಡೂ ಬಾಗಿಲು ತೆರೆದು ಜೋರಾಗಿ ಹಾಕಿದೆ. ಅವನು ಗೋಣಿಚೀಲದ ಮೇಲೆ ಕೂತಿದ್ದವನು ನಿಧಾನಕ್ಕೆ ಎದ್ದು, ಬಾಗಿಲಿನ ಸ್ಪೀಕರಿಗೆ ಕಿವಿ ಕೊಟ್ಟು ನಿಂತ. ಟವೆಲ್ಲಿನ ತುದಿ ಬಾಯಿಗೆ ಹೋಯಿತು.

ಮೊದಲು ಬಾಯಿ ತೆರೆದವನು ವೃಷಭೇಂದ್ರ. ಇದು ಡೂಪ್ಲಿಕೇಟ್ ಎಂದ. ಇದರಲ್ಲಿ ಭಾರ ಎಲ್ಲಿದೆ, ನೋವು ಎಲ್ಲಿದೆ, ನಿನ್ನ ಲಾರಿಯ ಹಾಗೆ ನಿನ್ನ ಡೆಕ್ಕೂ ಕೆಟ್ಟು ಓಡುತ್ತಿದೆ ಎಂದ. ನಾನು ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಸಿನಿಮಾ ಕ್ಯಾಸೆಟ್ ಹಾಕಿದೆ. ಹದವಾಗಿ ಓಡಿತು. ವೃಷಭೇಂದ್ರನ ಜೇಬಿನಿಂದಲೇ ಅವನ ಕಾಪಿ ಕಿತ್ತುಕೊಂಡು ಡೆಕ್ಕಿಗೆ ಹಾಕಿದೆ. ಬಂಡೆ ಉರುಳಿತು.

ಶಿವಶಂಕರ ತಲೆ ಕೆರೆದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

“ಆ ವಾರ ನಮ್ಮ ಮೂಲ ಓಡ್ಸೋ ಮೆಷೀನ್ದು ಬೆಲ್ಟು ಕಿತ್ತೋಗಿತ್ತು ಕನ್ರಪ್ಪ. ಸಂತೆ ದಿನ ಬ್ಯಾರೆ. ಸೈಕಲ್ ಟ್ಯೂಬ ಉಂಗ್ರದಂಗ ಕುಯ್ದು ಸಿಗ್ಸಿದ್ದಿ. ಒಸಿ ಸಡಿಲ ಆಗಿ ಕ್ಯಾಸೆಟ್ಟು ನಿಧಾನ ಓಡಿದ್ರೂ ಓಡಿರ್ಬೋದು.”

ವೃಷಭೇಂದ್ರ ಹೇಳಿದ ರೈತನ ನೋವು, ನಾನು ಕೋಸು ಎಸೆದ ಸಿಟ್ಟು, ಎಲ್ಲ ಒಂದು ಸೈಕಲ್ ಟ್ಯೂಬು. ತಾನೇ ಕೆಡಿಸಿದ ಕ್ಯಾಸೆಟ್ಟನ್ನು ತಾನೇ ಕಸ ಎಂದು ಅಷ್ಟು ವರ್ಷ ಬೈದಿದ್ದ ಆಸಾಮಿಯ ಕೊರಳುಪಟ್ಟಿಗೆ ನಾನು ಕೈ ಹಾಕಿದೆ. ಬಿಡಿಸಿದವನು ರಾಚಣ್ಣ. ಬಿಡಿಸುತ್ತಾ ನಗುತ್ತಿದ್ದ. “ಬುಡ್ಲಾ, ಸಾಕು. ನಾನೇ ಕನ್ಲಾ ಅದು,” ಎಂದು ಎರಡು ಸಲ ಹೇಳಿದ. ಅದು ನನಗೆ ಹೇಳಿದ್ದೋ ಅವನಿಗೇ ಹೇಳಿಕೊಂಡದ್ದೋ.

ಗಾಡಿಯನ್ನು ಅವನ ಮನೆ ಮುಂದೆಯೇ ಒಯ್ದು ನಿಲ್ಲಿಸಿ ಮತ್ತೆ ಹಾಕಿದೆ. ಚಿಕ್ಕಮಾದಮ್ಮ ರಾಗಿ ಕೇರುತ್ತಿದ್ದವಳು ಮೊರ ಹಿಡಿದುಕೊಂಡೇ ಹೊರಗೆ ಬಂದಳು. ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿ ಹೇಳಿದಳು:

“ಇದು ನಿಮ್ಮಣ್ಣಂದೇ ಕನಪ್ಪ. ಅದು ಬ್ಯಾರೆಯವ್ರುದ್ದು ಅಂತ ನಾ ಅವತ್ತೇ ಯೋಳ್ನಿಲ್ವಾ. ಯಾರ್ ಕೇಳ್ತಾರ ನನ್ ಮಾತ.”

ಮೊರ ಮತ್ತೆ ಶುರುವಾಯಿತು. ಆದರೆ ಹಾಡಿನ ತಾಳಕ್ಕೆ ಶುರುವಾಯಿತು, ಅದನ್ನು ನಾನು ಗಮನಿಸಿದೆ.

ರಾಚಣ್ಣ ಹಬ್ಬಕ್ಕೆ ಬರುತ್ತೇನೆ ಎಂದ. ಮೈಕಿನಲ್ಲೇ ಹಾಡುತ್ತೇನೆ ಎಂದ. ಬೇಕಾದರೆ ಶಾಲನ್ನೂ ಹೊದಿಸಿಕೊಳ್ಳುತ್ತೇನೆ ಎಂದ. ಗುಂಪಿನಲ್ಲಿ ಮಾತ್ರ ಜಗಳ ನಿಲ್ಲಲಿಲ್ಲ, ಗುಂಪೇ ಎರಡಾಯಿತು. ವೃಷಭೇಂದ್ರನದು ‘ಟ್ಯೂಬ್ ರಸಿಕರು’. ಮೂಲದಲ್ಲಿ ಏನಾದರೂ ಇರಲಿ, ಕಲೆ ಅರಳಿದ್ದು ಟ್ಯೂಬಿನಲ್ಲಿ ಎಂದು ಅವನ ಹೊಸ ವಾದ. ಹಾಗಾದರೆ ಆ ಕಲೆಯಲ್ಲಿ ತನಗೂ ಪಾಲಿದೆ ಎಂದು ಶಿವಶಂಕರ ಪಕ್ಷ ಬದಲಿಸಿ ಅವನ ಕಡೆಗೇ ಹೋದ. ಅವನು ಹಬ್ಬಕ್ಕೆ ಫ್ಲೆಕ್ಸ್ ಹಾಕಿಸಿದ, ಮೂಲೆಯಲ್ಲಿ ತನ್ನ ಫೋಟೋ ಇಟ್ಟು.

ಹಬ್ಬದ ಮಧ್ಯಾಹ್ನ. ಸಗಣಿ ಎರಚಾಟ ಮುಗಿದು ಎಲ್ಲರೂ ಹಸಿರು ಹಸಿರಾಗಿ ನಿಂತಿದ್ದೆವು. ರಾಚಣ್ಣ ಇಪ್ಪತ್ತು ವರ್ಷದ ಮೇಲೆ ಮೈಕ್ ಹಿಡಿದ. ಲಾರಿಯಲ್ಲಿ ಕೇಳಿದ ತನ್ನ ಕೊರಳನ್ನೇ ನೆನೆಸಿಕೊಂಡು, ತೆಳ್ಳಗೆ ಎತ್ತರಕ್ಕೆ ಏರಲು ಉಸಿರು ತೆಗೆದುಕೊಂಡು, ಬಾಯಿ ಬಿಟ್ಟ.

ಬಂಡೆ ಉರುಳಿತು.

ದಪ್ಪ, ನಿಧಾನ, ಗೊಗ್ಗರು. ಕೆಮ್ಮು, ಬೀಡಿ, ಅರವತ್ತಾರು ವರ್ಷ, ಎಲ್ಲ ಸೇರಿ ಅವನ ಗಂಟಲನ್ನು ಸರಿಯಾಗಿ ಆ ಸಡಿಲ ಟ್ಯೂಬಿನ ವೇಗಕ್ಕೆ ತಂದು ನಿಲ್ಲಿಸಿದ್ದವು. ಒಂದು ಸಾಲು ಹಾಡಿ ಅವನೇ ಬೆಚ್ಚಿ ನಿಂತ. ವೃಷಭೇಂದ್ರ ಸಗಣಿ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಾ ನನ್ನ ಹೆಗಲಿಗೆ ಗುದ್ದಿ, ನೋಡಿದೆಯಾ, ಅವತ್ತೂ ಹೀಗೇ ಹಾಡಿದ್ದ, ನಿನ್ನ ಕ್ಯಾಸೆಟ್ಟೇ ಡೂಪ್ಲಿಕೇಟ್ ಎಂದ.

ನಾನು ವೇದಿಕೆಯನ್ನೇ ನೋಡುತ್ತಿದ್ದೆ. ಅವನು ಮೈಕ್ ಇಟ್ಟು ಇಳಿದರೆ ಇನ್ನು ಯಾವತ್ತೂ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ರಾಚಣ್ಣ ಜನರನ್ನು ನೋಡಿದ, ಫ್ಲೆಕ್ಸಿನ ಮೂಲೆ ನೋಡಿದ. ಮೈಕನ್ನು ಇನ್ನೂ ಹತ್ತಿರ ಹಿಡಿದು, ಆ ಗೊಗ್ಗರಿನಲ್ಲೇ, ಒಂದೊಂದು ಮಾತನ್ನೂ ಜಗಿದು ಜಗಿದು, ಹೊಸ ಸಾಲು ಕಟ್ಟಿ ಬೈದ:

ಟ್ಯೂಬು ಕುಯ್ದು ಕೊರಳ ಎಳ್ದ ಕೊಂಡೆಕಾರ,
ಎಳ್ದದ್ದು ಸಾಲ್ದೆ ಬೋರ್ಡಲ್ ಬ್ಯಾರೆ ನಿಂತವ್ನೆ ಚೋರ

ಜನ ಹುಚ್ಚಾದರು. ಹಿಂದೆಲ್ಲ ಅವನ ಬೈಗುಳ ಅರ್ಥವಾಗುವ ಮೊದಲೇ ಹಾರಿಹೋಗುತ್ತಿತ್ತು. ಈಗ ಒಂದೊಂದೂ ತೂಕಕ್ಕೆ ಇಟ್ಟ ಹಾಗೆ ಬೀಳುತ್ತಿತ್ತು. ಶಿವಶಂಕರ ತನ್ನನ್ನು ಬೈದದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಎರಡೂ ಗುಂಪಿಗೆ ಹಾಕಿದ.

ವಾಪಸ್ ಬರುವಾಗ ರಾಚಣ್ಣ ನನ್ನ ಪಕ್ಕ ಕೂತಿದ್ದ, ಸಗಣಿ ಒಣಗಿದ ಮೈ, ಮಡಿಲಲ್ಲಿ ಶಾಲು. ನಾಗೇಶನ ಕ್ಯಾಸೆಟ್ ಹಾಕಲು ಹೇಳಿದ. ನಲವತ್ಮೂರರ ರಾಚಣ್ಣ ಡೆಕ್ಕಿನಲ್ಲಿ ಹಾರುತ್ತಿದ್ದ, ಅರವತ್ತಾರರ ರಾಚಣ್ಣ ಅವನ ಹಿಂದೆ ಗುನುಗುತ್ತಾ ಪ್ರತಿ ಸಾಲಿನಲ್ಲೂ ಎರಡು ಮಾತು ಹಿಂದೆ ಬೀಳುತ್ತಿದ್ದ. ಸ್ವಲ್ಪ ಹೊತ್ತು ಪ್ರಯತ್ನಪಟ್ಟು ಹೇಳಿದ:

“ಗಾಡಿಯ ಒಸಿ ನಿಧಾನ ಮಾಡ್ಲಾ. ಅಂವ ಬಾಳ ಬಿರ್ರನೆ ಓಯ್ತಾನ. ನಾ ಅವ್ನ ಇಡ್ಕಬೇಕಲ್ಲ.”

ಗಾಡಿ ನಿಧಾನ ಮಾಡಿದರೆ ಹಾಡು ನಿಧಾನವಾಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಮಾಡಿದೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ಅವನಿಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.