ಬನ್ನಿ ಟೊಂಗೆಗೆ ಕಟ್ಟಿದ ಗಾಜಿನ ಗುಂಡುಗಳು

ಮೊದಲು ಹಕ್ಕಿಯ ವಿಷಯ ಮುಗಿಸಿಬಿಡುತ್ತೇನೆ. ಆ ಪೆಟ್ಟಿಗೆಯಲ್ಲಿ ಒಂದು ಗಾಜಿನ ಹಕ್ಕಿ ಇತ್ತು, ಅದರ ಬಾಲ ಕುಂಚದಂಥ ಬಿಳಿ ಎಳೆಗಳದ್ದು ಎನ್ನುತ್ತೇನೆ ನಾನು. ಹಕ್ಕಿಯೇ ಇರಲಿಲ್ಲ, ಇದ್ದದ್ದು ಗಾಜಿನ ಗುಂಡುಗಳು ಮತ್ತು ಬಿಚ್ಚಿದರೆ ಗಂಟೆಯಾಗುವ ಕೆಂಪು ಕಾಗದ ಮಾತ್ರ ಎನ್ನುತ್ತಾಳೆ ನನ್ನ ಅಕ್ಕ. ಇಬ್ಬರೂ ಆಣೆ ಮಾಡಬಲ್ಲೆವು. ಹಕ್ಕಿಯನ್ನು ನೀವು ಇಟ್ಟುಕೊಳ್ಳಬಹುದು, ಬಿಡಬಹುದು.

ಪೆಟ್ಟಿಗೆ ತಿಕೋಟಾದ್ದು. ಅಂದರೆ ನಮ್ಮ ಆಯಿಯದು, ಅಪ್ಪನ ತಾಯಿಯದು. ಆಕೆ ಹರೆಯದಲ್ಲಿ ಒಬ್ಬ ಬಿಳಿ ಡಾಕ್ಟರಮ್ಮನ ಮನೆಯಲ್ಲಿ ಅಡಿಗೆ ಮಾಡುತ್ತಿದ್ದಳು. ಡಾಕ್ಟರಮ್ಮ ತನ್ನ ದೇಶಕ್ಕೆ ಮರಳುವಾಗ ಕ್ರಿಸ್‌ಮಸ್ ಗಿಡದ ಅಲಂಕಾರವನ್ನೆಲ್ಲ ಈಕೆಗೆ ಕೊಟ್ಟು ಹೋಗಿದ್ದಳು. ಗುಂಡುಗಳು ಎಷ್ಟು ತೆಳುವೆಂದರೆ ಅಂಗೈಯಲ್ಲಿಟ್ಟರೆ ಇಟ್ಟಂತೆಯೇ ಅನ್ನಿಸುತ್ತಿರಲಿಲ್ಲ. ಒಳಗೆಲ್ಲ ಬೆಳ್ಳಿಯ ಹೊಳಪು. ಅದರಲ್ಲಿ ಇಣುಕಿದರೆ ನಮ್ಮ ಮೂಗು ಬದನೆಕಾಯಿಯಷ್ಟು ದಪ್ಪ. ಆಯಿ ಅವನ್ನು ಹೊಲದ ಹತ್ತಿಯಲ್ಲಿ, ಬೀಜ ಸಮೇತ, ಸುತ್ತಿಟ್ಟಿದ್ದಳು. ಹಬ್ಬದ ದಿನ ಅದೇ ಹತ್ತಿ ಗಿಡದ ಮೇಲಿನ ಹಿಮ. ಹಿಮದಲ್ಲಿ ಬೀಜ ಇರುವುದಿಲ್ಲವೆಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ.

ಪ್ರತಿವರ್ಷ ಕ್ರಿಸ್‌ಮಸ್ ಹಬ್ಬಕ್ಕೆ ನಾವು ತಿಕೋಟಾಕ್ಕೆ ಹೋಗುತ್ತಿದ್ದೆವು. ಎಪ್ಪತ್ತರ ದಶಕದ ನಡುವಿನ ಯಾವುದೋ ವರ್ಷ ಅವ್ವ ಹಟ ಹಿಡಿದಳು. ಈ ಸಲ ಹಬ್ಬ ಬಿಜಾಪುರದ ನಮ್ಮ ಬಾಡಿಗೆ ಮನೆಯಲ್ಲಿ, ಪೆಟ್ಟಿಗೆಯೂ ಇಲ್ಲಿಗೇ ಬರಬೇಕು, ಬಂದದ್ದು ಇಲ್ಲೇ ಉಳಿಯಬೇಕು. ಮದುವೆಯಾದಾಗಿನಿಂದ ಆಯಿ ಆಕೆಗೆ ಆ ಗುಂಡುಗಳನ್ನು ಮುಟ್ಟಲು ಬಿಟ್ಟಿರಲಿಲ್ಲ.

ತರಲು ತಿಕೋಟಾಕ್ಕೆ ಹೋದಾಗ ಆಯಿ ಪೆಟ್ಟಿಗೆ ಕೊಟ್ಟಳು, ಮೇಲೊಂದು ಶರತ್ತನ್ನೂ ಕೊಟ್ಟಳು.

"ಬಬಲೇಶ್ವರದವರ ಕೈಯಾಗ ಮಣ್ಣಿನ ಗಡಗಿ ಉಳಿಯೂದಿಲ್ಲ, ಇದಂತೂ ಗಾಜ. ಹಬ್ಬದ ದಿನ ಸಂಜಿ ಬಸ್ಸಿಗೆ ಬಂದು ನೋಡ್ತೇನಿ. ಒಂದ ಒಡದಿದ್ರೂ, ಗಿಡಕ್ಕ ಕಳೆ ಇಲ್ಲದಿದ್ರೂ, ಪೆಟಗಿ ವಾಪಸ್ ತಿಕೋಟಾಕ್ಕ. ಮುಂದ ಎಂದೂ ಕೇಳಬ್ಯಾಡ."

ಬಬಲೇಶ್ವರ ಅವ್ವನ ತವರು. ಮರಳುವಾಗ ಬಸ್ಸಿನಲ್ಲಿ ಆಕೆ ಪೆಟ್ಟಿಗೆಯನ್ನು ಸೀಟಿನ ಮೇಲೆ ಕೂರಿಸಿ, ನಮ್ಮನ್ನು ಕೆಳಗೆ ಕೂರಿಸಿದಳು.

ಗಿಡ ತರುವ ಕೆಲಸ ಅಪ್ಪನದು. ಹಬ್ಬದ ದಿನ ಬೆಳಿಗ್ಗೆ ಸೈಕಲ್ ಹತ್ತಿ ಅರಕೇರಿ ಕಡೆ ಹೋದವನು ಹಸಿರು ತುಂಬಿದ ದೊಡ್ಡ ಟೊಂಗೆ ಕಟ್ಟಿಕೊಂಡು ಬಂದ. ಯಾರೋ ಆಡಿನ ಮೇವಿಗೆಂದು ಸವರಿದ್ದರಂತೆ. ಅವ್ವ ಎಲೆ ಮುಟ್ಟಿ ನೋಡಿದಳು.

"ಇದು ಬನ್ನಿ ಅಲ್ಲೇನ್ರಿ?"

"ಹೌದು. ದಸರಾ ಮುಗದು ಯಾವ ಕಾಲ ಆತು. ಈಗ ಇದು ಬರೇ ಗಿಡ."

ನಮ್ಮ ಕಡೆ ದಸರೆಗೆ ಬನ್ನಿ ಎಲೆಯೇ ಬಂಗಾರ. ಒಬ್ಬರು ಕೊಟ್ಟರೆ ಇನ್ನೊಬ್ಬರು ತಿರುಗಿ ಕೊಡಲೇಬೇಕು. ಓಣಿಯವರು ನಮಗೂ ಕೊಡುತ್ತಿದ್ದರು, ನಾವೂ ಕೊಡುತ್ತಿದ್ದೆವು. ಅದು ಒಂದೇ ದಿನದ ಬಂಗಾರ ಎಂದು ಅಪ್ಪ ತಿಳಿದಿದ್ದ.

ಅವ್ವ ಎಣ್ಣೆ ಡಬ್ಬಿಯಲ್ಲಿ ಉಸುಕು ತುಂಬಿ ಟೊಂಗೆ ನಿಲ್ಲಿಸಿದಳು. ಎದುರು ಮನೆಯ ದರ್ಜಿ ಚಾಚಾ ಅಂಗಡಿಯಲ್ಲಿ ಉಳಿದ ಜರಿ ತಂದು ತಾನೇ ಸುತ್ತಿದ. ಗುಂಡುಗಳನ್ನು ಮಾತ್ರ ಅವ್ವ ಒಬ್ಬಳೇ, ಉಸಿರು ಹಿಡಿದು, ಕಟ್ಟಿದಳು. ಒಂದೂ ಒಡೆಯಲಿಲ್ಲ. ಆಮೇಲೆ ಆಕೆ ಗಿಡದ ಮುಂದೆ ಕುಣಿದಂತೆ ಒಂದು ಸುತ್ತು ತಿರುಗಿದಳು. ಅಕ್ಕನ ಪ್ರಕಾರ ಅದು ಮುಳ್ಳಿಗೆ ಸಿಕ್ಕ ಸೆರಗು ಬಿಡಿಸಿಕೊಂಡದ್ದು.

ಮಧ್ಯಾಹ್ನ ಮಗ್ಗುಲ ಮನೆಯ ಮುದುಕಿ ಗಿಡ ನೋಡಲು ಬಂದಳು. ನೋಡಿದವಳೇ ಹಿಂದೆ ಸರಿದು, ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು, ನಾಲ್ಕು ಎಲೆ ಚಿವುಟಿ ಅವ್ವನ ಕೈಯಲ್ಲಿ ಇಟ್ಟಳು.

"ತಗೋ ಯವ್ವಾ. ಬಂಗಾರದಂಗ ಇರೂಣು."

ಅವ್ವ ಏನು ಮಾಡಬೇಕು? ತಾನೂ ನಾಲ್ಕು ಎಲೆ ಹರಿದು ಕೊಟ್ಟಳು, ಕಾಲು ಮುಟ್ಟಿದಳು. ಮುದುಕಿ ಸೊಸೆಯನ್ನು ಕರೆದಳು, ಸೊಸೆ ಓಣಿಯನ್ನೇ ಕರೆದಳು. ದಸರೆಯಲ್ಲಿ ಮುಖ ತಿರುಗಿಸಿಕೊಂಡಿದ್ದವರೆಲ್ಲ ಈಗ ಒಬ್ಬರಿಗೊಬ್ಬರು ಸಿಕ್ಕರು.

"ಆಗ ನಿನಗ ಕೊಟ್ಟಿದ್ದಿಲ್ಲ, ಈಗ ತಗೋ," ಎಂದಳು ಒಬ್ಬಳು.

"ನನಗ ಕೊಡಾಕ ನಿನಗ ಯೇಸುನ ಹಬ್ಬನ ಬೇಕಾತೇನ?" ಎಂದಳು ಇನ್ನೊಬ್ಬಳು, ಕೈ ಚಾಚುತ್ತಲೇ.

ಚಾಚಾನೂ ಕೊಟ್ಟ, ತಗೊಂಡ. ಅವ್ವ ಗಿಡಕ್ಕೆ ಅಡ್ಡ ನಿಂತು, "ಗುಂಡ ಮುಟ್ಟಬ್ಯಾಡ್ರಿ, ಎಲಿ ಸಾಕ್ರಿ, ಯಪ್ಪಾ ಸಾಕ್ರಿ," ಎನ್ನುತ್ತಿದ್ದಳು. ಆದರೆ ಅಡ್ಡ ನಿಂತವಳ ಕೈಗೇ ಎಲ್ಲರೂ ಬಂಗಾರ ಕೊಡುತ್ತಿದ್ದರು, ಪ್ರತಿಸಲ ಆಕೆ ತಿರುಗಿ ತನ್ನ ಗಿಡವನ್ನೇ ಹರಿದು ಕೊಡಬೇಕಾಗುತ್ತಿತ್ತು. ಅತ್ತುಬಿಡುತ್ತಾಳೆಂದು ನಾನು ಅಂದುಕೊಳ್ಳುವಷ್ಟರಲ್ಲಿ ಆಕೆಗೆ ನಗು ಶುರುವಾಯಿತು. ನಗುತ್ತಲೇ ಹರಿದಳು, ನಗುತ್ತಲೇ ಕೊಟ್ಟಳು. ಗಿಡದಿಂದ ಉದುರಿದ ಹತ್ತಿಯ ಹಿಮದಲ್ಲಿ ನಾವು ಹೊರಳಾಡಿದೆವು.

ಸಂಜೆಯಾಗಿತ್ತು. ಬಾಗಿಲಲ್ಲಿ ಆಯಿ ನಿಂತಿದ್ದಳು, ಬಗಲಲ್ಲಿ ಚೀಲ.

ಟೊಂಗೆಯ ಮೇಲೆ ಒಂದು ಎಲೆ ಉಳಿದಿರಲಿಲ್ಲ. ಮುಳ್ಳು, ಜರಿ, ಗಾಜು. ಆಯಿ ಸುತ್ತು ಹಾಕಿ ಒಂದೊಂದೇ ಗುಂಡು ನೋಡಿದಳು. ಎಲ್ಲ ಇದ್ದವು.

"ಗಾಜ ಉಳದಾವ. ಕಳೆ ಎಲ್ಲಿ ಹೋತು?"

ಅವ್ವ ತನ್ನ ಮುಷ್ಟಿಯಲ್ಲಿ ಉಳಿದಿದ್ದ ಎಲೆಗಳನ್ನು ಅತ್ತೆಯ ಅಂಗೈಗೆ ಹಾಕಿ, ಬಗ್ಗಿ ಕಾಲು ಮುಟ್ಟಿದಳು. "ಇಲ್ಲೈತ್ರಿ ಅತ್ತಿ."

ಇಡೀ ಓಣಿ ನೋಡುತ್ತಿತ್ತು. ಆಯಿ ಟೊಂಗೆಯ ಕಡೆ ಕೈ ಚಾಚಿದಳು. ಹರಿಯಲು ಏನೂ ಇರಲಿಲ್ಲ.

"ಬಂಗಾರ ತಗೊಂಡು ಸುಮ್ಮ ನಿಂತ್ರ ಹ್ಯಾಂಗವ್ವಾ?" ಎಂದಳು ಮಗ್ಗುಲ ಮನೆಯ ಮುದುಕಿ. "ಬೇಕಾದ್ರ ನನ್ನದು ನಾಕ ಎಲಿ ತಗೊಂಡು ಕೊಡು."

"ಎರವಲ ಬಂಗಾರ ಕೊಟ್ಟ ಮನಿತನ ಅಲ್ಲ ನಮ್ಮದು," ಎಂದಳು ಆಯಿ. ಸೊಸೆಯ ಬಗ್ಗಿದ ಬೆನ್ನನ್ನೇ ನೋಡಿದಳು. "ಏಳ ಬೇ. ಬಂಗಾರದ ಬದಲಿ ಪೆಟಗಿ ನಿನ್ನ ಹಂತ್ಯಾಕ ಇರಲಿ."

ಅವ್ವ ಎದ್ದಳು. ಆಕೆಯ ಮುಖದಲ್ಲಿದ್ದದ್ದನ್ನು ಬರೆಯಲು ಹೋದರೆ ಸುಳ್ಳಾಗುತ್ತದೆ. ನಾನಾಗ ಜನರ ಸೊಂಟದ ಎತ್ತರಕ್ಕಿದ್ದೆ, ನನಗೆ ಕಾಣಲಿಲ್ಲ.

ಆಯಿ ಚೀಲ ಕೆಳಗಿಟ್ಟು ಗಿಡದ ಪಕ್ಕ ಕಾಲು ಚಾಚಿ ಕೂತಳು. "ನಾನೂ ಇಲ್ಲೇ ಇರ್ತೇನಿ. ಗಾಜ ನೋಡಕೊಳ್ಳಾಕ ಒಬ್ರು ಬೇಕಲಾ."

ಎಷ್ಟು ದಿನ ಇದ್ದಳು ಎಂಬುದಕ್ಕೆ ಆಯಿಯದೊಂದು ಲೆಕ್ಕವಿತ್ತು, ಅವ್ವನದು ಅದಕ್ಕಿಂತ ಬಹಳ ದೊಡ್ಡದು.