ಪ್ರಧಾನಿಗೆಂದು ಕೆತ್ತಿದ ಕೊಬ್ಬರಿ

ಒಣಕೊಬ್ಬರಿಯ ಕಂದು ಸಿಪ್ಪೆ ಹೆರೆಯುವಾಗ ಏಳುವ ಎಣ್ಣೆವಾಸನೆ ಮೂಗಿಗೆ ಬಡಿದರೆ ಇಂದಿಗೂ ಅರಸೀಕೆರೆಯ ನಮ್ಮ ನಡುಮನೆ ಕಣ್ಣಿಗೆ ಬರುತ್ತದೆ. ಕಿಟಕಿಯ ಬೆಳಕಿಗೆ ಬೆನ್ನು ಬಾಗಿಸಿ ಕೂತ ಪುಟ್ಟತ್ತೆ, ಅಪ್ಪನ ಅಕ್ಕ. ಕೈಯಲ್ಲೊಂದು ಸಣ್ಣ ಚಾಕು. ಊರಿನ ಮದುವೆ, ಸೀಮಂತಗಳಿಗೆಲ್ಲ ಕೊಬ್ಬರಿ ಗಿಟುಕುಗಳ ಮೇಲೆ ಹೂಬಳ್ಳಿ ಕೆತ್ತಿಕೊಡುತ್ತಿದ್ದವಳು ಅವಳೇ. ಗಂಡ ತೀರಿಕೊಂಡಿದ್ದರಿಂದ ತಟ್ಟೆಯನ್ನು ಮಾತ್ರ ಬೇರೆಯವರು ಎತ್ತಿಕೊಡುತ್ತಿದ್ದರು. ಅದನ್ನು ಯಾರೂ ಕ್ರೌರ್ಯ ಎನ್ನಲಿಲ್ಲ, ಪದ್ಧತಿ ಎಂದರು.

ತೊಂಬತ್ತರ ದಶಕದ ಒಂದು ಚುನಾವಣೆಯಲ್ಲಿ ಪ್ರಧಾನಿ ನಮ್ಮೂರಿಗೆ ಬರುತ್ತಾರೆಂದಾಯಿತು. ಊರಿನ ನೆನಪಿಗೆ ಏನಾದರೂ ಕೆತ್ತಿಕೊಡಿ ಎಂದು ಸ್ವಾಗತ ಸಮಿತಿಯ ಅಧ್ಯಕ್ಷರೇ ಮನೆಗೆ ಬಂದರು.

"ನನ್ನ ಕೈಯಾರೆ ಕೊಡೋ ಹಂಗಿದ್ರೆ ಮಾಡ್ತೀನಿ," ಎಂದಳು ಅತ್ತೆ.

"ಇನ್ಯಾರು ಕೊಡ್ತಾರಕ್ಕಾ? ನೀವೇ ಕೊಡಿ."

ಅತ್ತೆ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹಳೇಬೀಡಿಗೆ ಹೋದಳು. ದೇವಸ್ಥಾನದ ಬುಡದ ಆನೆಸಾಲನ್ನು ಊಟದ ಹೊತ್ತು ಮೀರುವವರೆಗೆ ನೋಡಿದಳು. ಎರಡು ಗಿಟುಕುಗಳ ಸುತ್ತ ಅವೇ ಆನೆಗಳು ಬೆರಳುಗುರಿನಷ್ಟಾಗಿ ಎದ್ದು ಬಂದವು. "ಇಷ್ಟು ಆನೆ ಹೊರಡಿಸ್ತಿದ್ದೀಯಲ್ಲ, ಮಾವುತ ಯಾರಕ್ಕಾ?" ಎಂದು ಅಪ್ಪ ಕಿಚಾಯಿಸಿದರು. "ನಾನೇ ಕಣೋ," ಎಂದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಸಭೆಯ ದಿನ ವೇದಿಕೆಯ ಹಿಂದೆ ಸಾಲಿನಲ್ಲಿ ನಿಂತಿದ್ದೆವು. ಅಧ್ಯಕ್ಷರು ಅತ್ತೆಯ ಬರಿಹಣೆ ನೋಡಿ ದನಿ ತಗ್ಗಿಸಿದರು. "ಬೇಜಾರ್ ಮಾಡ್ಕಬ್ಯಾಡಿ ಅಕ್ಕಾ. ಎಲೆಕ್ಷನ್ ಟೈಮು, ಮುತ್ತೈದೆ ಕೈಲಿ ಕೊಡಿಸಿದ್ರೆ ಒಳ್ಳೇದು. ನಮ್ಮನೇವ್ಳು ಕೊಡ್ತಾಳೆ, ನೀವು ಪಕ್ಕದಲ್ಲಿ ನಿಂತ್ಕಳಿ."

"ಕೆತ್ತೋವಾಗ ಈ ಕೈ ಆಗಿತ್ತಲ್ರೀ?"

ಅಧ್ಯಕ್ಷರ ಹೆಂಡತಿ ಆಗಲೇ ತಟ್ಟೆಗೆ ಕೈ ಚಾಚಿದ್ದರು. ಅತ್ತೆ ಗಿಟುಕುಗಳೆರಡನ್ನೂ ಸೆರಗಿಗೆ ಹಾಕಿಕೊಂಡು, ಖಾಲಿ ತಟ್ಟೆಯನ್ನು ಆಕೆಯ ಕೈಗಿಟ್ಟು ಹೊರಟಳು. ಪ್ರಧಾನಿಯನ್ನು ನೋಡಲಾಗಲಿಲ್ಲವೆಂದು ನಾನು ದಾರಿಯುದ್ದಕ್ಕೂ ಅವಳ ಮೇಲೆ ರೇಗಿದೆ. ಮನೆಗೆ ಬಂದವಳೇ ಗುಂಡುಕಲ್ಲಿನಿಂದ ಆನೆಗಳನ್ನು ಜಜ್ಜಿ, ಬೆಲ್ಲದ ಜೊತೆ ನಮ್ಮ ಮುಂದಿಟ್ಟಳು. "ತಿನ್ರೇ, ಚೆನ್ನಾಗೈತೆ."

ಮರುದಿನದ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಂಡತಿ ಹಾರ ಹಿಡಿದು ನಗುತ್ತಿದ್ದರು. ಮುಂದೆ ನಾನೂ ಪತ್ರಿಕೆಯ ಕೆಲಸಕ್ಕೆ ಸೇರಿ ಅಂಥ ಎಷ್ಟೋ ಚಿತ್ರಗಳಿಗೆ ಅಡಿಬರಹ ಬರೆದೆ: ಕೊಟ್ಟವರು ಯಾರು, ಪಡೆದವರು ಯಾರು. ಮಾಡಿದವರು ಯಾರೆಂದು ನಾನೂ ಕೇಳಲಿಲ್ಲ. ಆ ಅಧ್ಯಕ್ಷರ ಮೇಲಿನ ಸಿಟ್ಟು ಹಳೆಯದು. ನನ್ನ ಮೇಲಿನದು ತಡವಾಗಿ ಬಂದು ಇನ್ನೂ ಹೋಗಿಲ್ಲ.

ಅತ್ತೆ ಈಗಿಲ್ಲ. ನಿಮಗೆ ತೋರಿಸೋಣವೆಂದರೆ ಅವಳು ಕೆತ್ತಿದ್ದೊಂದೂ ಉಳಿದಿಲ್ಲ. ಎಲ್ಲವನ್ನೂ ತಿಂದು ಮುಗಿಸಿದ್ದೇವೆ. ಆನೆಗಳನ್ನು ಜಜ್ಜಿಕೊಟ್ಟ ಆ ಸಂಜೆ ನಾನು ಎರಡನೇ ಸಲವೂ ಕೈ ಚಾಚಿದ್ದೆ.